ಗಣತಿ ಪಟ್ಟಿಯಲ್ಲಿ ನಮ್ಮೂರು ಅರ್ಧ ಮಾತ್ರ ಇದೆ. ಊರಿನ ಇತಿಹಾಸ ಎಲ್ಲಿಂದ ಶುರು ಮಾಡಲಿ?

ಕಾನಂಚಿನವ (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸರ್ಕಾರಿ ಶಾಲೆ ಶುರುವಾಗಿದ್ದು 1951ರಲ್ಲಿ. ಬರುವ ವರ್ಷಕ್ಕೆ 75 ತುಂಬುತ್ತದೆ. ಸ್ಮರಣ ಸಂಚಿಕೆ ತರುತ್ತಿದ್ದೇವೆ. ಅದರಲ್ಲಿ 'ಊರಿನ ಇತಿಹಾಸ ಮತ್ತು ಜನಸಂಖ್ಯೆ' ಅನ್ನೋ ಲೇಖನ ನನ್ನ ತಲೆಗೆ ಕಟ್ಟಿದ್ದಾರೆ. ಸಭೆಗೆ ತಡವಾಗಿ ಹೋದವನಿಗೆ ಸಿಗುವ ಕೆಲಸ ಇಂಥದ್ದೇ.

ಎರಡು ಪುಟ ತಾನೇ ಅಂತ ಒಪ್ಪಿಕೊಂಡೆ. 2011ರ ಜನಗಣತಿ ಪಟ್ಟಿ ತೆಗೆದು ನೋಡಿದರೆ, ನಮ್ಮೂರಿನ ಹೆಸರಿನ ಮುಂದೆ ಇರುವ ಮನೆಗಳ ಲೆಕ್ಕ ಊರಿನವರು ಹೇಳುವುದರ ಅರ್ಧದಷ್ಟೂ ಇಲ್ಲ. ಮೇಲಿನಕೇರಿ ಸೇರಿದ ಹಾಗೆ ಕಾಣುವುದಿಲ್ಲ. ಹಳ್ಳದಾಚೆಯ ಮನೆಗಳೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಗ್ರಾಮದ ಹೆಸರಿದೆ, ಅದರ ಮುಂದೆ ಸೊನ್ನೆ. ಅಲ್ಲಿ ನಮ್ಮ ಅತ್ತೆಯ ಮನೆ ಇದೆ ಮಾರಾಯ್ರೆ! ಅವರೇನು ಲೆಕ್ಕಕ್ಕೇ ಇಲ್ವಾ?

ಇತಿಹಾಸ ಅಂತ ಕೇಳಿದರೆ ಊರಲ್ಲಿ ಒಂದು ವೀರಗಲ್ಲು, ಸತಿ ಹೋದವಳ ನೆನಪಿನ ಒಂದು ಮಾಸ್ತಿಕಲ್ಲು ತೋರಿಸುತ್ತಾರೆ. ಆಮೇಲೆ ನೇರವಾಗಿ ಕರೆಂಟು ಬಂದ ವರ್ಷಕ್ಕೆ ಹಾರುತ್ತಾರೆ. ನಡುವಿನದ್ದು ಎಲ್ಲಿ ಸಿಗುತ್ತದೆ?

ಹಳೇ ಪಹಣಿ

ನಾನು ಗ್ರಾಮ ಲೆಕ್ಕಿಗನಾಗಿದ್ದು ನಿವೃತ್ತನಾದವನು, ಹೊಸನಗರ, ಸಾಗರ ಎರಡೂ ಕಡೆ ಕೆಲಸ ಮಾಡಿದ್ದೇನೆ. ನಿಮ್ಮ ಅತ್ತೆ ಇರುವುದು ಬೇಚರಾಕ್ ಗ್ರಾಮದಲ್ಲಿ. ಅಂದರೆ ದಾಖಲೆ ಪ್ರಕಾರ ಜನವಸತಿ ಇಲ್ಲದ ಗ್ರಾಮ. ಮಲೆನಾಡಿನಲ್ಲಿ ಇಂಥವು ಬೇಕಾದಷ್ಟಿವೆ. ನಕ್ಷೆ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಜನ ಮಾತ್ರ ಇರುವುದಿಲ್ಲ. ಒಂದು ಕಾಲಕ್ಕೆ ಇದ್ದರು, ಬಿಟ್ಟು ಹೋದರು. ಆಮೇಲೆ ಯಾರೋ ಬಂದು ತೋಟ ಮಾಡಿ ಮನೆ ಕಟ್ಟಿಕೊಂಡರು. ಆ ನಾಲ್ಕು ಮನೆಗಳನ್ನು ಗಣತಿಯವರು ಪಕ್ಕದ ಗ್ರಾಮದ ಜೊತೆ ಬರೆದುಕೊಂಡಿರುವ ಸಾಧ್ಯತೆ ಜಾಸ್ತಿ.

ಇನ್ನು ಮೇಲಿನಕೇರಿ ವಿಷಯ. ಜನಗಣತಿಯಲ್ಲಿ ಹಳ್ಳಿ ಅಂದರೆ ಕಂದಾಯ ಗ್ರಾಮ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ 1863ರಲ್ಲಿ ಶುರುವಾಯಿತು. ಗಡಿ ಹಾಕಿದ್ದು ಭೂಕಂದಾಯ ವಸೂಲಿಗೆ. ಯಾರ ಮನೆ ಎಲ್ಲಿದೆ, ಯಾರು ಯಾರಿಗೆ ನೆಂಟರು ಅಂತ ನೋಡಿ ಹಾಕಿದ್ದಲ್ಲ. ಬಯಲುಸೀಮೆಯಲ್ಲಿ ಇದರಿಂದ ಅಂಥ ತೊಂದರೆ ಇಲ್ಲ. ಮನೆಗಳೆಲ್ಲ ಒಂದೇ ಕಡೆ, ಸುತ್ತ ಹೊಲ. ನಮ್ಮಲ್ಲಿ ಕಣಿವೆಗೊಂದು ತೋಟ, ತೋಟದ ತಲೆಯಲ್ಲಿ ಒಂದೋ ಎರಡೋ ಮನೆ. ಗಡಿ ಗೆರೆ ಹಳ್ಳದ ಮೇಲೆ ಹೋದರೆ ಊರು ಎರಡು ಗ್ರಾಮವಾಗುತ್ತದೆ. ಹಾಗೆಯೇ ಒಂದು ಕಂದಾಯ ಗ್ರಾಮದೊಳಗೆ ನಾಲ್ಕೈದು ಮಜರೆ, ಅಂದರೆ ಸಣ್ಣ ಉಪಹಳ್ಳಿ, ಇರುವುದೂ ಉಂಟು. ಅವಕ್ಕೆ ಪಟ್ಟಿಯಲ್ಲಿ ಬೇರೆ ಸಾಲು ಸಿಗುವುದಿಲ್ಲ.

ಮೊದಲು ಮಾಡಬೇಕಾದ್ದು ಇಷ್ಟು. ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆಯಿರಿ. ದಿಶಾಂಕ್ ಆ್ಯಪ್ ಹಿಡಿದುಕೊಂಡು ಪ್ರತಿ ಮನೆ ಮುಂದೆ ನಿಂತು ಸರ್ವೆ ನಂಬರ್ ಮತ್ತು ಗ್ರಾಮದ ಹೆಸರು ಬರೆದುಕೊಳ್ಳಿ. ನಿಮ್ಮ ಊರು ಎಷ್ಟು ಕಂದಾಯ ಗ್ರಾಮಗಳಲ್ಲಿ ಹರಡಿದೆ ಅಂತ ಗೊತ್ತಾಗುತ್ತದೆ. ಅಲ್ಲಿಯವರೆಗೆ ಜನಸಂಖ್ಯೆ ಹೆಚ್ಚಾಯ್ತೋ ಕಡಿಮೆಯಾಯ್ತೋ ಅನ್ನೋ ಮಾತೇ ಬೇಡ.

ಗಣತಿ ಮೇಷ್ಟ್ರು

ನಾನು 2001 ಮತ್ತು 2011ರಲ್ಲಿ ಗಣತಿದಾರ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಸುತ್ತಿದ್ದು. ಮಾರ್ಚ್ 1ರಿಂದ 5ರವರೆಗೆ ಮತ್ತೆ ಹೋಗಿ ಹುಟ್ಟು ಸಾವು ಸರಿ ಮಾಡಿಕೊಂಡು ಬಂದದ್ದು. ತೀರ್ಥಹಳ್ಳಿ ಕಡೆಯ ಒಂದು ಬ್ಲಾಕ್ ನನಗೆ ಬಂದಿತ್ತು. ಪೇಟೆಯಲ್ಲಿ ಒಂದು ಬೀದಿ ಮುಗಿಸುವ ಹೊತ್ತಿಗೆ ನನಗೆ ಎರಡು ಮನೆ ಆಗುತ್ತಿತ್ತು. ಗದ್ದೆ ಬದು, ಸಂಕ, ಏರು, ಕೊನೆಗೆ ನಾಯಿ. ಹೋದ ಮನೆಯಲ್ಲೆಲ್ಲ ಕಾಫಿ ಕುಡಿಯದೆ ಏಳುವ ಹಾಗಿಲ್ಲ, ಅದು ಬೇರೆ.

ಸಂಖ್ಯೆ ಕಡಿಮೆ ಕಾಣೋದಕ್ಕೆ ಇನ್ನೊಂದು ಕಾರಣ ಹೇಳ್ತೇನೆ. ಸಾಮಾನ್ಯವಾಗಿ ಯಾರು ಎಲ್ಲಿ ವಾಸ ಮಾಡ್ತಾರೋ ಅಲ್ಲೇ ಅವರ ಲೆಕ್ಕ. ಹಾಸ್ಟೆಲಿನಲ್ಲಿ ಓದುವ ಹುಡುಗಿ ಹಾಸ್ಟೆಲಿನ ಲೆಕ್ಕಕ್ಕೆ ಹೋಗುತ್ತಾಳೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗ ಬೆಂಗಳೂರಿನವನು. ತಾಯಿ ಮಾತ್ರ "ಅವನೂ ನಮ್ಮನೆಯವನೇ, ಬರ್ಕೊಳ್ಳಿ ಮೇಷ್ಟ್ರೇ" ಅನ್ನುತ್ತಾರೆ. ಅವನ ಹೆಸರು ರೇಷನ್ ಕಾರ್ಡಿನಲ್ಲಿ ಇದೆ, ವೋಟರ್ ಲಿಸ್ಟಿನಲ್ಲೂ ಇದೆ. ಗಣತಿಯಲ್ಲಿ ಇಲ್ಲ. ಒಂದೇ ಮನೆಗೆ ಮೂರು ಪಟ್ಟಿ, ಮೂರು ಲೆಕ್ಕ.

ಹಾಗಂತ ಎಲ್ಲ ಲೆಕ್ಕದ ಆಟ ಅಂತಲೂ ಅಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆ ನೋಡಿ. 2001ರಲ್ಲಿ 11,40,905 ಜನ ಇದ್ದರು, 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಇಡೀ ಜಿಲ್ಲೆಯೇ ಇಳಿಯಿತು. ನಮ್ಮ ಶಿವಮೊಗ್ಗ 16,42,545ರಿಂದ 17,52,753ಕ್ಕೆ ಏರಿತು, ಸುಮಾರು ಶೇ 6.7. ಅದೂ ನಿಧಾನವೇ.

ಬನವಾಸಿ ಅಭಿಮಾನಿ

ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ವೀರಗಲ್ಲು ಇದೆ ಅಂದ ಮೇಲೆ ಎಂಟುನೂರು ವರ್ಷದ ಊರು ಅಂತ ಧೈರ್ಯವಾಗಿ ಬರೆಯಿರಿ. ಕದಂಬರ ತಾಳಗುಂದ ನಮ್ಮ ಜಿಲ್ಲೆಯಲ್ಲೇ ಇದೆ, ಬಳ್ಳಿಗಾವಿ ಇದೆ, ಹುಂಚ ಇದೆ. ನಮ್ಮ ಊರುಗಳು ಅನಾದಿ ಕಾಲದವು.

ಸೊರಬದವಳು

ಅಣ್ಣಾ, ಅಭಿಮಾನ ಇರಲಿ. ಆದರೆ ವೀರಗಲ್ಲು ಹೇಳೋದು ಒಬ್ಬ ಮನುಷ್ಯ ಅಲ್ಲಿ ಹೋರಾಡಿ ಸತ್ತ ಅಂತ. ಇವತ್ತಿರುವ ಮನೆಗಳು ಅವನ ಕಾಲದಿಂದ ಹಾಗೇ ಇವೆ ಅಂತ ಅದು ಹೇಳಲ್ಲ. ನಮ್ಮ ಸೊರಬದ ವೀರಗಲ್ಲುಗಳನ್ನು ಓದಿ. ತುರುಗೊಳ್ ಅಂತ ಬರುತ್ತದೆ, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಜಗಳ. ಊರಳಿವು ಅಂತಲೂ ಬರುತ್ತದೆ. ಊರೇ ಹಾಳಾಯಿತು ಅಂತ ಕಲ್ಲೇ ಹೇಳುವಾಗ, ಅದೇ ಕಲ್ಲನ್ನು ಊರು ಮುರಿಯದೆ ಉಳಿಯಿತು ಅನ್ನೋದಕ್ಕೆ ಸಾಕ್ಷಿ ಮಾಡಿದರೆ ಹೇಗೆ?

ಕಾನಂಚಿನವರೇ, ನಿಮ್ಮ ಕಲ್ಲಿನ ಮೇಲೆ ಅಕ್ಷರ ಇದ್ದರೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ನೋಡಿ. 1904ರಲ್ಲಿ ಬಂದದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಶಿವಮೊಗ್ಗ, ಶಿಕಾರಿಪುರದ್ದು 7ನೇ ಸಂಪುಟ. ತಾಲ್ಲೂಕುವಾರು ಜೋಡಿಸಿ ಊರಿನ ಹೆಸರು ಕೊಟ್ಟಿದ್ದಾರೆ, ಹುಡುಕೋದು ಸುಲಭ. ಕಲ್ಲಿನ ಮೇಲೆ ಸುಣ್ಣ, ಎಣ್ಣೆ ಬಳಿದು ಫೋಟೋ ತೆಗೆಯೋಕೆ ಮಾತ್ರ ಹೋಗಬೇಡಿ.

ಬನವಾಸಿ ಅಭಿಮಾನಿ

ಸರಿ ತಂಗಿ, ಎಂಟುನೂರು ವರ್ಷದ ಕಲ್ಲು ಇರುವ ಊರು ಅಂತ ಬರೀಲಿ. ಅದಕ್ಕೂ ಕತ್ತರಿ ಹಾಕ್ತೀರಾ?

ಸೊರಬದವಳು

ಕಲ್ಲಿನ ಕಾಲ ಓದಿ ಗೊತ್ತಾದ ಮೇಲೆ ಎಷ್ಟು ಬೇಕಾದರೂ ಬರೀಲಿ.

ನಗರ ಹೋಬಳಿ

ಊರು ಬೆಳೆಯೋದು ಮಾತ್ರ ಇತಿಹಾಸ ಅಂದುಕೊಂಡವರು ನಮ್ಮ ನಗರಕ್ಕೆ ಒಮ್ಮೆ ಬನ್ನಿ. ಕೆಳದಿ ಅರಸರ ರಾಜಧಾನಿ ಬಿದನೂರು ಇದೇ. ಕೆಳದಿ, ಇಕ್ಕೇರಿ ಆದಮೇಲೆ ಇಲ್ಲಿಗೆ ಬಂದರು. ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ. ಅವನ ಶಿಸ್ತು ಅನ್ನೋ ಕಂದಾಯ ಪದ್ಧತಿ ಇವತ್ತಿಗೂ ಹೆಸರುವಾಸಿ, ಗದ್ದೆಯ ಬೆಳೆಯನ್ನು 12 ವರ್ಷ ನೋಡಿ ತೆರಿಗೆ ಗೊತ್ತು ಮಾಡಿದ ಎನ್ನುತ್ತಾರೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದು ಹೈದರ್‌ನಗರ ಅಂತ ಕರೆದ. ಆಮೇಲೆ ಬರೀ ನಗರ ಉಳಿಯಿತು. ಈಗ ಒಂದು ಹೋಬಳಿ. ಕೋಟೆ ನೋಡೋಕೆ ಬಂದವರು "ಇಷ್ಟೇನಾ?" ಅಂತ ಕೇಳಿ ಹೋಗ್ತಾರೆ.

ಇದರಿಂದ ನಿಮಗೊಂದು ಉಪಯೋಗ ಇದೆ. ಹಳೇ ದಾಖಲೆಯಲ್ಲಿ ಹೊಸನಗರ ತಾಲ್ಲೂಕು ಅಂತ ಹುಡುಕಿದರೆ ಸಿಗಲ್ಲ. ಆಗ ಅದು ನಗರ ತಾಲ್ಲೂಕು. ಕೇಂದ್ರ ಕಲ್ಲೂರುಕಟ್ಟೆಗೆ ಹೋದ ಮೇಲೆ ಅದೇ ಹೊಸನಗರವಾಯಿತು. ಜಿಲ್ಲೆಯ ಲೆಕ್ಕದಲ್ಲೂ ಇದೇ ಪಾಡು. 1991ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ 19 ಲಕ್ಷ ಜನ, 2001ರಲ್ಲಿ 16 ಲಕ್ಷ ಚಿಲ್ಲರೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಎಲ್ಲಿ ಹೋದರು? ಎಲ್ಲೂ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಅತ್ತ ಸೇರಿದವು. ಜನ ಕದಲಲಿಲ್ಲ, ಗೆರೆ ಕದಲಿತು.

ಅಜ್ಜನಮನೆ

ಹುಡುಗರೆಲ್ಲ ಗಡಿ ಬಗ್ಗೆ ಮಾತಾಡ್ತಾ ಇದ್ದೀರಿ. ನಾನು ವಯಸ್ಸಾದವನು, ಬೇಚರಾಕ್ ಯಾಕಾಯಿತು ಅಂತ ಹೇಳ್ತೇನೆ. ಜ್ವರ. ಮಲೇರಿಯಾ.

ನಮ್ಮ ಅಜ್ಜನ ಕಾಲದಲ್ಲಿ ಘಟ್ಟದ ಮೇಲಿನ ಊರಿಗೆ ಹೆಣ್ಣು ಕೊಡೋಕೆ ಹೆದರುತ್ತಿದ್ದರು. ಈಗಲೂ ಕೊಡಲ್ಲ ಅಂತಾರೆ, ಅದಕ್ಕೆ ಕಾರಣ ಬೇರೆ. ಆಗ ಚಳಿಜ್ವರ ಪ್ರತಿ ವರ್ಷ ಬರುತ್ತಿತ್ತು. ಮಕ್ಕಳಿಗೆ ಹೊಟ್ಟೆಯಲ್ಲಿ ಜ್ವರಗಡ್ಡೆ. ಬಸುರಿ ಹೆಂಗಸರು ಉಳಿಯುತ್ತಿರಲಿಲ್ಲ. ಗದ್ದೆ ಮಾಡೋಕೆ ಆಳು ಸಿಗದೆ ಗದ್ದೆಗೆ ಗದ್ದೆಯೇ ಕಾಡು ಬಿದ್ದವು. ಕಾನಿನ ನಡುವೆ ಹಳೇ ಮನೆಯ ತಳಪಾಯ, ಬಾವಿ ಕಾಣುತ್ತದಲ್ಲ, ಯಾರೋ ಶಾಪ ಹಾಕಿದರು ಅಂತ ಕತೆ ಹೇಳ್ತಾರೆ. ಶಾಪ ಸೊಳ್ಳೆಯದ್ದು.

ಬಯಲುಸೀಮೆಯನ್ನು ಬರ ಹೊಡೆಯಿತು. 1876ರಿಂದ 78ರ ಬರಗಾಲದಿಂದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50 ಲಕ್ಷದಿಂದ 1881ಕ್ಕೆ 42 ಲಕ್ಷದೊಳಗೆ ಇಳಿಯಿತು. ಆಮೇಲೆ ಮಳೆ ಬಂತು, ಅಲ್ಲಿ ಜನ ಮತ್ತೆ ಬೆಳೆದರು. ಮಲೆನಾಡಲ್ಲಿ ಬರ ಅಷ್ಟು ಕಾಡಲಿಲ್ಲ. ಆದರೆ ಜ್ವರ ಬಿಡಲೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಡಿಡಿಟಿ ಹೊಡೆಯೋಕೆ ಬಂದರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗೋಡೆಗೆಲ್ಲ ಬಿಳಿ ಪುಡಿ ಹೊಡೆದು ಹೋಗುತ್ತಿದ್ದರು, ಚಿಕ್ಕವನಾಗಿದ್ದಾಗ ನಾನೇ ನೋಡಿದ್ದೇನೆ. ಜ್ವರ ಇಳಿದ ಮೇಲೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಜನ ಬಂದರು. ಕಾನಂಚಿನವರೇ, ನಿಮ್ಮ ಶಾಲೆ 1951ರಲ್ಲಿ ಶುರುವಾಗಿದ್ದು ಸುಮ್ನೆ ಅಲ್ಲ. ಮಕ್ಕಳು ಬದುಕೋಕೆ ಶುರು ಮಾಡಿದ ಕಾಲ ಅದು.

ಸೊರಬದವಳು

ಅಜ್ಜಾ, ಇದು ಎಲ್ಲೂ ಇರಲಿಲ್ಲ ಈ ಚರ್ಚೆಯಲ್ಲಿ. ಮಲೇರಿಯಾ ಹೋಯಿತು ಅನ್ನೋ ಹೊತ್ತಿಗೇ 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಕಾಣಿಸಿತು. ಊರಿನ ಹೆಸರನ್ನೇ ಕಾಯಿಲೆಗೆ ಇಟ್ಟುಬಿಟ್ಟರು. ಅದನ್ನು ಹರಡುವ ಉಣುಗು, ಅಂದರೆ ಉಣ್ಣೆಯ ಕಾಲ ಬಂದರೆ ಇವತ್ತಿಗೂ ಕಾಡಿಗೆ ಹೋಗೋಕೆ ಹೆದರಿಕೆ.

ಮುಳುಗಡೆ ಮೊಮ್ಮಗ

ನಮ್ಮಜ್ಜನ ಊರು ಗಣತಿಯ ಹೊಸ ಪುಸ್ತಕದಲ್ಲಿ ಬೇಚರಾಕ್ ಅಂತಲೂ ಇಲ್ಲ. ಅದು ನೀರಿನೊಳಗಿದೆ. ಮೊದಲು ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು, ಮಡೇನೂರಿನಲ್ಲಿ ಕಟ್ಟಿದ್ದು, 1948ಕ್ಕೆ ಮುಗಿಯಿತು. ಆಗ ಒಂದಷ್ಟು ಊರು ಹೋದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಹಿರೇಭಾಸ್ಕರವೂ ಮುಳುಗಿತು, ಉಳಿದ ಊರುಗಳೂ ಮುಳುಗಿದವು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೇ ಕಟ್ಟೆ ಕಾಣುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ನಮ್ಮವರನ್ನು ಲಾರಿಯಲ್ಲಿ ತುಂಬಿ ತಂದು ಕಾಡಲ್ಲಿ ಇಳಿಸಿದರು. ಶಿವಮೊಗ್ಗ, ಹೊಸನಗರ, ಸೊರಬ, ಹೀಗೆ ಬೇರೆ ಬೇರೆ ಕಡೆ ಚದುರಿಸಿದರು. ಹಾಗಾಗಿ 1961 ಮತ್ತು 1971ರ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಓದುವವರು ಹುಷಾರು. ಒಂದು ಗ್ರಾಮದಲ್ಲಿ ಜನ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದರೆ ಅಲ್ಲಿ ಹೆಚ್ಚು ಮಕ್ಕಳು ಹುಟ್ಟಿದರು ಅಂತ ಬರೆಯಬೇಡಿ. ನಮ್ಮನ್ನು ತಂದು ಹಾಕಿರಬಹುದು. ಕರೂರು, ಬಾರಂಗಿ ಹೋಬಳಿಯಲ್ಲಿ ಉಳಿದವರು ಮೂರೂ ಕಡೆ ನೀರಾಗಿ ಲಾಂಚ್ ನಂಬಿಕೊಂಡು ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ. ನಾಡಿಗೆ ಕರೆಂಟು ಕೊಟ್ಟು ಅರವತ್ತು ವರ್ಷ ಆದಮೇಲೆ!

ಇನ್ನೂ ಒಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕು. ಅದೂ 2005ರ ಡಿಸೆಂಬರ್ 13ಕ್ಕೆ ಮೊದಲಿನದ್ದು. ನಮ್ಮನ್ನು ಅಲ್ಲಿಗೆ ತಂದು ಬಿಟ್ಟದ್ದೇ 1960ರ ದಶಕದಲ್ಲಿ. ಎಲ್ಲಿಂದ ತರೋದು 75 ವರ್ಷ? ನಮ್ಮ ಮನೆಯ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬಂತು.

ಕಾನುಮನೆ

ಮುಳುಗಡೆಯವರ ಕಷ್ಟ ದೊಡ್ಡದೇ, ಅಲ್ಲ ಅನ್ನಲ್ಲ. ನಾವು ಹಸಲರು, ಪರಿಶಿಷ್ಟ ಪಂಗಡದವರು. ನಮಗೆ 75 ವರ್ಷದ ಷರತ್ತು ಇಲ್ಲ, 2005ರ ಡಿಸೆಂಬರ್‌ಗೆ ಮೊದಲು ಅಲ್ಲೇ ಇದ್ದೆವು ಅಂತ ತೋರಿಸಿದರೆ ಸಾಕು. ಅದಕ್ಕೂ ಕಾಗದ ಬೇಕಲ್ಲ? ಊರಿನ ಇತಿಹಾಸ ಅಂತ ಸಂಚಿಕೆ ಬಂದಾಗಲೆಲ್ಲ ಪಟೇಲರ ಮನೆ, ಶಾನುಭೋಗರ ಮನೆ, ದೇವಸ್ಥಾನ, ತೋಟದ ಸಾಲು. ನಮ್ಮ ಕೇರಿ ಒಂದು ವಾಕ್ಯದಲ್ಲೂ ಇರಲ್ಲ. ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ಇವರ ತೋಟದ ಕೆಲಸಕ್ಕೇ ಬರುತ್ತಿದ್ದೆವು. ಕಾಯ್ದೆಯ ನಿಯಮದಲ್ಲಿ ಗೆಜೆಟಿಯರ್, ಜನಗಣತಿ, ನಕ್ಷೆ, ಹಿರಿಯರ ಬರೆದ ಹೇಳಿಕೆ ಎಲ್ಲ ಸಾಕ್ಷಿ ಅಂತ ಇದೆ. ನಿಮ್ಮ ಸಂಚಿಕೆಗಾಗಿ ಹಿರಿಯರನ್ನು ಮಾತಾಡಿಸೋಕೆ ಹೇಗೂ ಹೋಗ್ತೀರಿ. ನಮ್ಮ ಕೇರಿಯಂಥ ಕೇರಿಗೂ ಹೋಗಿ, ಹೇಳಿದ್ದನ್ನು ಬರೆದು ಸಹಿ ಹಾಕಿಸಿ ಒಂದು ಪ್ರತಿ ಅವರಿಗೇ ಕೊಡಿ. ನಿಮಗೆ ಲೇಖನ ಆಗುತ್ತದೆ, ಅವರಿಗೆ ದಾಖಲೆ ಆಗುತ್ತದೆ.

ಹಳೇ ಪಹಣಿ

ಕಾನುಮನೆಯವರು ಹೇಳಿದ್ದನ್ನು ಖಂಡಿತ ಮಾಡಿ. ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರೇ ಆಗಿರಬಾರದು, ಬೇರೆಯವರಾಗಿರಬೇಕು ಅನ್ನೋದು ನೆನಪಿರಲಿ.

ಗೇಣಿ ಕಾಲದ ವಿಷಯವನ್ನು ಯಾರೂ ಎತ್ತಲಿಲ್ಲ. ಸಾಗರ ತಾಲ್ಲೂಕಿನ ಊರು ಅಂದಮೇಲೆ ಕಾಗೋಡು ಬಿಟ್ಟು ಬರೆಯೋಕೆ ಆಗುತ್ತಾ? 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಮುಂದಾಳು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೂ ಒಳಗಾದರು. ಅಲ್ಲಿಯವರೆಗೆ ಗೇಣಿದಾರನ ಮನೆ ಒಡೆಯರ ಜಾಗದಲ್ಲಿ. ಒಡೆಯರಿಗೆ ಸಿಟ್ಟು ಬಂದರೆ ಗದ್ದೆಯ ಜೊತೆ ಮನೆಯೂ ಹೋಗುತ್ತಿತ್ತು. ಅಂಥ ಮನೆಗಳು ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಒಮ್ಮೆ ಈ ಊರಲ್ಲಿ, ಇನ್ನೊಮ್ಮೆ ಆ ಊರಲ್ಲಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ನೆಲೆ ಸಿಕ್ಕಿತು. ಆಗ ಗೇಣಿದಾರರು ಭೂಮಿಯ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿದ್ದರು. ಭೂ ನ್ಯಾಯಮಂಡಳಿಯ ಕಡತದಲ್ಲಿ ಯಾರು, ಎಲ್ಲಿ, ಎಷ್ಟು ವರ್ಷದಿಂದ ಉಳುಮೆ ಮಾಡ್ತಿದ್ದರು ಅಂತ ಸಾಕ್ಷಿಗಳ ಮಾತು ಸಮೇತ ಇರುತ್ತದೆ. ಊರಿನ ಇತಿಹಾಸಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ನಾನು ನೋಡಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಟ್ಟು ನಕಲು ಕೇಳಿ. ಸರ್ವೆ ನಂಬರ್ ಬರೆದುಕೊಂಡು ಹೋಗಿ, ಬರಿಗೈಯಲ್ಲಿ ಹೋದರೆ ನಾಳೆ ಬನ್ನಿ ಅಂತಾರೆ.

ಬೆಂಗ್ಳೂರ್ ವಾಸಿ

ಇಷ್ಟೆಲ್ಲ ಯಾಕೆ? ಊರಲ್ಲಿ ಯಾರಿದ್ದಾರೆ ಅಂತ ನನ್ನನ್ನ ಕೇಳಿ. ಅಪ್ಪ, ಅಮ್ಮ, ನಾಯಿ. ಪಕ್ಕದ ಮನೆಯಲ್ಲೂ ಅಷ್ಟೇ, ನಾಯಿ ಎರಡು. ಅಡಿಕೆಗೆ ರೇಟು ಇದೆ, ಮರ ಹತ್ತಿ ಕೊನೆ ತೆಗೆಯೋರಿಲ್ಲ. ಎಲೆಚುಕ್ಕಿ ರೋಗ ಬಂದ ಮೇಲೆ ಅದೂ ಗ್ಯಾರಂಟಿ ಇಲ್ಲ.

ಅಜ್ಜನಮನೆ

ನೀನು ಬಂದು ಕೊನೆ ತೆಗಿ ಮಾರಾಯ, ಯಾರು ಬೇಡ ಅಂದರು?

ಬೆಂಗ್ಳೂರ್ ವಾಸಿ

ನೆಟ್ವರ್ಕ್ ಕೊಡಿಸಿ, ಬರ್ತೇನೆ ಅಜ್ಜ.

ಕಾನಂಚಿನವ

ಎಲ್ಲರಿಗೂ ಧನ್ಯವಾದ. ಎರಡು ಪುಟ ಅಂದವರಿಗೆ ಈ ಚರ್ಚೆ ತೋರಿಸ್ತೇನೆ. ಒಂದು ಪ್ರಶ್ನೆ. ನಕ್ಷೆ ಪ್ರಕಾರ ನಮ್ಮ ಊರು ಮೂರು ಕಂದಾಯ ಗ್ರಾಮಕ್ಕೆ ಹರಡಿದೆ ಅಂತ ಈಗ ಗೊತ್ತಾಯಿತು. ಆದರೆ ಆ ಮೂರನ್ನೂ ಕೂಡಿದರೆ ನಮ್ಮದಲ್ಲದ ಮನೆಗಳೂ ಬರ್ತವೆ. ಹಾಗಾದರೆ ನಮ್ಮೂರು ಎಲ್ಲಿಗೆ ಮುಗಿಯುತ್ತದೆ?

ಗಣತಿ ಮೇಷ್ಟ್ರು

ಮಾರಿಹಬ್ಬಕ್ಕೆ ವರಾಡ, ಅಂದರೆ ಮನೆಮನೆಯ ವಂತಿಗೆ, ಎಲ್ಲಿಯವರೆಗೆ ಎತ್ತುತ್ತೀರಿ? ಅಲ್ಲಿಗೆ ಮುಗಿಯುತ್ತದೆ. ತಮಾಷೆ ಅಲ್ಲ. ದೇವಸ್ಥಾನ ಸಮಿತಿಯವರ ಹತ್ತಿರ ಹಳೇ ವರಾಡದ ಪುಸ್ತಕ ಇದ್ದರೆ ಬಿಡಬೇಡಿ. ಮನೆಗಿಷ್ಟು ಅಂತ ವಸೂಲಿ ಮಾಡಿದ್ದರೆ ಅದು ಮನೆ ಗಣತಿಯೇ. ಸರ್ಕಾರದ್ದಕ್ಕಿಂತ ಕಟ್ಟುನಿಟ್ಟು, ಒಂದು ಮನೆ ಬಿಟ್ಟರೂ ಜಗಳ ಆಗುತ್ತಿತ್ತು. ಆದರೆ ವರಾಡ ಕೇಳದೆ ಬಿಟ್ಟ ಮನೆಗಳು ಯಾವುವು ಅಂತಲೂ ನೋಡಿ. ಕಾನುಮನೆಯವರು ಹೇಳಿದ್ದು ಅಲ್ಲಿ ಸಿಗುತ್ತದೆ.

ಇನ್ನು ಎಲ್ಲಕ್ಕಿಂತ ಹತ್ತಿರದ ದಾಖಲೆ ನಿಮ್ಮ ಶಾಲೆಯಲ್ಲೇ ಇದೆ. ಪ್ರವೇಶ ದಾಖಲಾತಿ ಪುಸ್ತಕ. 1951ರಿಂದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ. ಬಿಟ್ಟ ಕಾರಣದ ಕಲಮು ಓದುತ್ತಾ ಹೋಗಿ. ಯಾವ ವರ್ಷ ಹೊಸ ಮನೆತನಗಳು ಬಂದವು, ಯಾವ ಕೇರಿಯಿಂದ ಹೆಣ್ಣುಮಕ್ಕಳು ಮೊದಲು ಬಂದರು, 1964ರ ಹತ್ತಿರ ಮುಳುಗಡೆ ಮಕ್ಕಳು ಸೇರಿದರಾ, ಎಲ್ಲ ಅಲ್ಲೇ ಕಾಣುತ್ತದೆ. ಅದನ್ನು ಪಕ್ಕಕ್ಕಿಟ್ಟುಕೊಂಡು 1951ರಿಂದ 2011ರವರೆಗಿನ ಜಿಲ್ಲಾ ಗಣತಿ ಕೈಪಿಡಿಗಳನ್ನು ನೋಡಿ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿ ಹುಡುಕಿ. ಮಕ್ಕಳ ಜಾತಿ ಕಲಮು ಮಾತ್ರ ಸಂಚಿಕೆಯಲ್ಲಿ ಹೆಸರು ಸಮೇತ ಅಚ್ಚು ಹಾಕಬೇಡಿ, ಅದು ಬೇಡದ ರಗಳೆ.

ಹಳೇ ಪಹಣಿ

ಮೇಷ್ಟ್ರೇ, ಮುಂದಿನ ಗಣತಿಯದ್ದೂ ಹೇಳಿಬಿಡಿ.

ಗಣತಿ ಮೇಷ್ಟ್ರು

ಹೌದು. 2021ರ ಗಣತಿ ಕೋವಿಡ್‌ನಿಂದ ನಿಂತಿತ್ತು. ಈಗ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಅದಕ್ಕೆ ಮೊದಲು ಮನೆ ಪಟ್ಟಿ ಮಾಡೋಕೆ ಬರುತ್ತಾರೆ. ಬಂದವರಿಗೆ ಹಳ್ಳದಾಚೆಯ ಮನೆಗಳನ್ನು, ಬೇಚರಾಕ್ ಗ್ರಾಮದಲ್ಲಿರುವ ಅತ್ತೆಯ ಮನೆಯನ್ನು ನೀವೇ ಕರೆದುಕೊಂಡು ಹೋಗಿ ತೋರಿಸಿ. ಬ್ಲಾಕಿನ ನಕ್ಷೆಯಲ್ಲಿ ಮಜರೆಯ ಹೆಸರು ಬರೆಸಿ. ಪಂಚಾಯ್ತಿ ಸದಸ್ಯರಿಗೂ ಹೇಳಿ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅನ್ನೋ ಲೆಕ್ಕ ಇರೋದರಿಂದ ಅವರಿಗೂ ಇದರಲ್ಲಿ ಆಸಕ್ತಿ ಇರುತ್ತದೆ.

ಕಾನಂಚಿನವ

ದಾಖಲಾತಿ ಪುಸ್ತಕ ಬೀರುವಿನಲ್ಲಿದೆ, ಹೆಡ್ ಮೇಷ್ಟ್ರು ಸೋಮವಾರ ಕೊಡ್ತೇನೆ ಅಂದಿದ್ದಾರೆ. ಮೊದಲ ಪುಟಗಳು ಮಳೆಗಾಲದಲ್ಲಿ ಒದ್ದೆಯಾಗಿ ಅಂಟಿಕೊಂಡಿವೆಯಂತೆ. ಬಿಡಿಸೋದು ಹೇಗೆ ಅಂತ ಯಾರಿಗಾದರೂ ಗೊತ್ತಾ?

ನಗರ ಹೋಬಳಿ

ಎಳೆಯಬೇಡಿ, ಬಿಸಿಲಿಗೂ ಇಡಬೇಡಿ. ಕೆಳದಿ ಮ್ಯೂಸಿಯಂನಲ್ಲಿ ಹಳೇ ಓಲೆ, ಕಾಗದಗಳನ್ನು ಕಾಪಾಡಿದ್ದಾರೆ, ಸಾಗರದಿಂದ ದೂರ ಇಲ್ಲ. ಪುಸ್ತಕ ಹೇಗಿದೆಯೋ ಹಾಗೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಕೇಳಿ.